ನಂಬರಿಲ್ಲದ ಕೆಂಪು ವೈರು

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ತಗಡಿನ ಮುಚ್ಚಳ ಮಾಡುವ ಕಾರ್ಖಾನೆಯ ಮಾಲೀಕರು ಠಾಣೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ದೊಡ್ಡ ಪ್ರೆಸ್ಸಿನ ಕಂಟ್ರೋಲ್ ಪ್ಯಾನೆಲ್‌ನಿಂದ ಪಿಎಲ್‌ಸಿ ಕಳುವಾಗಿದೆ, ಅದೇ ಯಂತ್ರದ ಮೆದುಳು, ಅದಿಲ್ಲದೆ ಪ್ರೆಸ್ಸು ಬರೀ ಕಬ್ಬಿಣದ ಗುಡ್ಡೆ, ಹೊಸದು ತರಿಸಲು ಹತ್ತು ದಿನ ಹಿಡಿಯುತ್ತದೆ ಎಂದು ಒಂದೇ ಉಸಿರಿಗೆ ಹೇಳಿ, ಕಳ್ಳರ ಗುರುತನ್ನೂ ತಾವೇ ಕೊಟ್ಟರು.

"ಪ್ರೆಸ್ ನಡೆಸೋ ಹೆಂಗಸು ಸಾರ್. ಈ ಮೆಷಿನ್ ಮೇಲೆ ಕೆಲಸ ಮಾಡಲ್ಲ ಅಂತ ಹೋದ ವಾರ ನನ್ನತ್ರ ಜಗಳ ಆಡಿದ್ಳು. ಸಂಜೆಯೊಳಗೆ ಅವಳನ್ನ ಒಳಗೆ ಹಾಕಿ."

"ಒಳಗೆ ಹಾಕೋದು ನಮ್ಮ ಕೆಲಸ. ನೀವು ದೂರು ಬರೆದುಕೊಡಿ," ಎಂದರು ಇನ್‌ಸ್ಪೆಕ್ಟರ್.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಕಂಡುಕೊಂಡಿದ್ದು ಇಷ್ಟು: ದೂರಿನ ಜೊತೆ ಕಳ್ಳನನ್ನೂ ಹಿಡಿದು ತರುವವರು ಏನನ್ನೋ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಠಾಣೆಯ ರೈಟರ್ ಎಫ್‌ಐಆರ್ ದಾಖಲಿಸಿದರು. ಹತ್ತೂವರೆಗೆ ಜೀಪು ಕಾರ್ಖಾನೆಯ ಗೇಟಿನೊಳಗಿತ್ತು.

ಆಪರೇಟರ್ ಪ್ರೆಸ್ಸಿನ ಪಕ್ಕದಲ್ಲೇ ನಿಂತಿದ್ದಳು. ಅತ್ತೂ ಅತ್ತೂ ಕಣ್ಣು ಊದಿದ್ದವು.

"ಕಳ್ಳಿ ಅನ್ನೋ ಹೆಸರು ಬಂದ್ರೆ ನನ್ನನ್ನ ಯಾವ ಫ್ಯಾಕ್ಟರಿಯವರೂ ಸೇರಿಸಲ್ಲ ಸಾರ್. ಎರಡು ಮಕ್ಕಳಿದಾವೆ."

"ಕೇಳಿದ್ದಕ್ಕೆ ಮಾತ್ರ ಹೇಳಮ್ಮ. ಎಷ್ಟೊತ್ತಿಗೆ ಬಂದೆ?"

"ಏಳು ಗಂಟೆಗೆ."

"ಏನು ನೋಡಿದೆ?"

"ಪ್ಯಾನೆಲ್ ಮೇಲಿನ ಹಸಿರು ದೀಪ ಉರೀತಿರ್ಲಿಲ್ಲ. ಮೇನ್ ಸ್ವಿಚ್‌ಗೆ ಬೀಗ ಹಾಕಿ, 'ಕೆಲಸ ನಡೆಯುತ್ತಿದೆ' ಅನ್ನೋ ಬೋರ್ಡ್ ನೇತು ಹಾಕಿತ್ತು. ಪ್ಯಾನೆಲ್ ಮಾವ ರಿಪೇರಿ ಮಾಡ್ತಿದಾರೆ ಅಂದ್ಕೊಂಡು ಕೂತೆ. ಎಂಟೂಕಾಲಿಗೆ ಮಾಲೀಕ್ರು ಬಂದು ಬಾಗಿಲು ತೆಗೆದು ನೋಡಿದ್ರೆ ಒಳಗೆ ಖಾಲಿ."

ಪ್ಯಾನೆಲ್ ಮಾವ ಎಂದರೆ ಕಾರ್ಖಾನೆಯ ಮೆಕ್ಯಾನಿಕ್. ಐವತ್ತೆಂಟರ ಮನುಷ್ಯ; ಮಾಲೀಕರನ್ನು ಬಿಟ್ಟು ಉಳಿದವರೆಲ್ಲರಿಗೂ ಮಾವನೇ. ಅವರ ಉತ್ತರ ಚುಟುಕಾಗಿತ್ತು. ನಿನ್ನೆ ಸಂಜೆ ಆರಕ್ಕೆ ಹೊರಟಿದ್ದು, ಇವತ್ತು ಬಂದಿದ್ದು ಎಂಟೂವರೆಗೆ. ಪ್ರೆಸ್ಸು ನಿನ್ನೆ ಏಳರವರೆಗೂ ಓಡಿತ್ತು ಎಂದು ಇಬ್ಬರು ಕೆಲಸಗಾರರು ಹೇಳಿದರು. ಇನ್‌ಸ್ಪೆಕ್ಟರ್ ಎಲ್ಲರ ಹೊತ್ತನ್ನೂ ಬರೆದುಕೊಂಡರು.

ಹನ್ನೊಂದು ಗಂಟೆಗೆ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಪ್ಯಾನೆಲ್ ಬಾಗಿಲಿನ ಬೀಗ ಒಡೆದಿರಲಿಲ್ಲ. ಒಳಗೆ ಸಾಲುಸಾಲು ರಿಲೇ, ಫ್ಯೂಸ್, ನಡುವೆ ಒಂದು ಚೌಕದ ಖಾಲಿ ಜಾಗ. ಇನ್‌ಸ್ಪೆಕ್ಟರ್ ಕಣ್ಣು ನಿಂತಿದ್ದು ವೈರುಗಳ ಮೇಲೆ. ಮಾರಲು ಕದಿಯುವವನು ಕಟಿಂಗ್ ಪ್ಲೈಯರ್‌ನಲ್ಲಿ ಕಚಕಚ ಕತ್ತರಿಸಿಕೊಂಡು ಓಡುತ್ತಾನೆ. ಇಲ್ಲಿ ನಲವತ್ತೆರಡು ವೈರುಗಳ ಸ್ಕ್ರೂ ಬಿಚ್ಚಿ, ಪ್ರತಿಯೊಂದರ ತುದಿಗೂ ಟೇಪು ಸುತ್ತಿ, ನಂಬರು ಬರೆದು, ಎಲ್ಲವನ್ನೂ ಒಂದು ಕಟ್ಟು ಕಟ್ಟಲಾಗಿತ್ತು.

"ಇವನು ಕಳ್ಳನೋ ಸೂಲಗಿತ್ತಿಯೋ?" ಎಂದರು ರೈಟರ್.

ಇನ್‌ಸ್ಪೆಕ್ಟರ್ ನಗಲಿಲ್ಲ. ವಾಪಸ್ ಕೂರಿಸುವ ಮನಸ್ಸಿದ್ದವನು ಮಾತ್ರ ಹೀಗೆ ಬಿಚ್ಚುತ್ತಾನೆ. ಅವರು ಮೇನ್ ಸ್ವಿಚ್ಚಿನತ್ತ ತಿರುಗಿ, ಯಾರ ಮುಖವನ್ನೂ ನೋಡದೆ, "ಈ ಬೀಗಾನೂ ಜಪ್ತಿ ಮಾಡಬೇಕು. ತೆಗೀರಿ," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಮುಟ್ಟಿಕೊಂಡಿದ್ದು ಅಂಗಿ ಜೇಬನ್ನು. ಆ ಕಸುಬಿನಲ್ಲಿ ಒಂದು ಕಟ್ಟಳೆಯಿದೆ: ಸ್ವಿಚ್ಚಿಗೆ ಬೀಗ ಹಾಕಿದವನೇ ಅದನ್ನು ತೆಗೆಯಬೇಕು, ಬೀಗಕ್ಕೆ ಒಂದೇ ಕೀಲಿ, ಅದು ಅವನ ಜೇಬಿನಲ್ಲೇ ಇರಬೇಕು. ಮೂವತ್ತು ವರ್ಷ ಪಾಲಿಸಿದ ಕೈ ತಾನಾಗಿ ಕೀಲಿ ತೆಗೆದು ಬೀಗಕ್ಕೆ ಹಾಕಿ ತಿರುಗಿಸಿಬಿಟ್ಟಿತು. ಬೀಗ ಬಿಚ್ಚಿಕೊಂಡ ಮೇಲೆ ಮಾವನಿಗೆ ಅರಿವಾಯಿತು.

"ಏಳು ಗಂಟೆಗೇ ಈ ಬೀಗ ಇತ್ತು. ನೀವು ಬಂದಿದ್ದು ಎಂಟೂವರೆಗೆ ಅಂದ್ರಿ."

ಮಾವ ತಲೆ ತಗ್ಗಿಸಿದರು.

"ಕದಿಯೋವಾಗಲೂ ಬೀಗ ಹಾಕಿದ್ರಾ?"

"ವೈರೆಲ್ಲ ಬಿಚ್ಚಿಟ್ಟಿದ್ದೆ ಸಾರ್. ಗೊತ್ತಿಲ್ಲದೆ ಯಾರಾದ್ರೂ ಸ್ವಿಚ್ ಹಾಕಿಬಿಟ್ರೆ?"

ಮಾಲೀಕರು ಬಾಯಿ ತೆರೆದರು. ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದು, ಪ್ಯಾನೆಲ್ಲಿನ ಕೆಳಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಗೇಣುದ್ದದ ಕೆಂಪು ವೈರೊಂದು ಎರಡು ಸ್ಕ್ರೂಗಳ ನಡುವೆ ಕೂತಿತ್ತು.

"ಎಲ್ಲಕ್ಕೂ ನಂಬರಿದೆ. ಇದಕ್ಕೆ ಯಾಕಿಲ್ಲ?"

ಮಾವ ಮಾಲೀಕರನ್ನೊಮ್ಮೆ ನೋಡಿದರು. ಆಮೇಲೆ ತಡೆಯಲಿಲ್ಲ. ಅದು ಯಂತ್ರದ ಜೊತೆ ಬಂದ ವೈರೇ ಅಲ್ಲ. ಈ ಪ್ರೆಸ್ಸಿಗೆ ಎಡಕ್ಕೊಂದು, ಬಲಕ್ಕೊಂದು ಬಟನ್ನು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡೂ ಕೈ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರುವ ಪ್ರಶ್ನೆಯೇ ಇಲ್ಲ. ಕೆಂಪು ವೈರು ಹಾಕಿದರೆ ಎಡಗಡೆಯ ಬಟನ್ನು ಸದಾ ಒತ್ತಿದ ಲೆಕ್ಕ. ಒಂದು ಕೈ ಬಟನ್ನಿನ ಮೇಲೆ, ಇನ್ನೊಂದು ಕೈ ಅಚ್ಚಿನೊಳಗೆ ತಗಡು ಇಡುತ್ತಿರುತ್ತದೆ. ಮುಚ್ಚಳ ಬೇಗ ಬೀಳುತ್ತವೆ.

"ಆರ್ಡರ್ ಇದೆ ಅಂದ್ರು, ಮೊದಲು ಹಾಕಿದ್ದು ನಾನೇ. ಎರಡೇ ದಿನಕ್ಕೆ ಮನಸ್ಸು ತಡೀದೆ ಕಿತ್ತೆ. ಹೊರಗಿನವನನ್ನ ಕರೆಸಿ ಮತ್ತೆ ಹಾಕಿಸಿದ್ರು. ಹೋದ ವಾರ ಈ ಹೆಣ್ಮಗಳ ಗ್ಲೌಸಿನ ಎರಡು ಬೆರಳು ಕಟ್ ಆಗಿ ಬಿತ್ತು. ಗ್ಲೌಸ್ ದೊಡ್ಡದಿತ್ತು, ತುದೀಲಿ ಬೆರಳಿರ್ಲಿಲ್ಲ, ಬಚಾವಾದ್ಳು. ವೈರು ಕಿತ್ರೆ ಐದು ನಿಮಿಷಕ್ಕೆ ಮತ್ತೆ ಹಾಕ್ತಾರೆ. ಮೆದುಳೇ ತಗೊಂಡು ಹೋದ್ರೆ ಹತ್ತು ದಿನ ಪ್ರೆಸ್ ನಿಲ್ಲುತ್ತೆ, ಅಷ್ಟರಲ್ಲಿ ಕಾರ್ಖಾನೆ ಇಲಾಖೆಗೆ ಅರ್ಜಿ ಹಾಕೋಣ ಅಂತ..."

"ಅದಕ್ಕೇ ಜಗಳ ಆಡಿದ್ದೇನಮ್ಮಾ?"

ಆಪರೇಟರ್ ತಲೆಯಾಡಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ತಮ್ಮ ಕೈಯಿಂದಲೇ ಆಗುವುದರಲ್ಲಿತ್ತಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು.

"ನಿನ್ನ ಮೇಲೆ ಏನೂ ಇಲ್ಲ. ಮನೆಗೆ ಹೋಗು."

ಅವಳು ಅಲ್ಲೇ ತಗಡಿನ ಕಟ್ಟಿನ ಮೇಲೆ ಕುಸಿದು ಕೂತು, ಅಳು ನಗು ಎರಡನ್ನೂ ಒಟ್ಟಿಗೆ ಶುರುಮಾಡಿದಳು. ಇನ್‌ಸ್ಪೆಕ್ಟರ್‌ಗೆ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು.

ಮಧ್ಯಾಹ್ನ ಒಂದೂಕಾಲಿಗೆ ಮಾವನ ಮನೆಯ ಬೀರುವಿನಲ್ಲಿ ಮಾಲು ಸಿಕ್ಕಿತು. ಎರಡು ಪದರ ಪ್ಲಾಸ್ಟಿಕ್ಕು, ಅದರ ಮೇಲೆ ಉಣ್ಣೆಯ ಸ್ವೆಟರು.

"ನನ್ನ ಸ್ವೆಟರ್ ಎಲ್ಲಿ ಅಂದ್ರೆ ಗೊತ್ತಿಲ್ಲ ಅಂದಿದ್ರು," ಎಂದರು ಅವರ ಹೆಂಡತಿ. "ಮೂವತ್ತು ವರ್ಷದಲ್ಲಿ ಒಂದು ದಿನ ನನಗೆ ಹೀಗೆ ಹೊದಿಸಿಲ್ಲ, ಬರ್ಕೊಳ್ಳಿ ಸಾರ್."

ರೈಟರ್ ಅದೊಂದನ್ನು ಬರೆದುಕೊಳ್ಳಲಿಲ್ಲ. ಎರಡೂವರೆಗೆ ಮಾಲೀಕರ ಮೇಲೆ ಇನ್ನೊಂದು ಎಫ್‌ಐಆರ್ ಆಯಿತು. ಕಾರ್ಖಾನೆ ಇಲಾಖೆಯವರು ಬಂದು ಕೆಂಪು ವೈರು ಕಿತ್ತು, ಪ್ರೆಸ್ಸಿಗೆ ಸೀಲು ಹಾಕಿದರು. ಆದರೂ ಕಳವು ಕಳವೇ. ಮೂರೂ ಇಪ್ಪತ್ತಕ್ಕೆ ಪ್ಯಾನೆಲ್ ಮಾವನ ಬಂಧನವಾಯಿತು. ನಾಳೆ ಕೋರ್ಟಿನಲ್ಲಿ ಜಾಮೀನಿಗೆ ಅಡ್ಡಿ ಮಾಡುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಅವರ ಹೆಂಡತಿಗೆ ಮೊದಲೇ ಹೇಳಿದ್ದರು.

ಠಾಣೆಯಲ್ಲಿ ರೈಟರ್ ಮಾವನ ಬೆರಳುಗಳನ್ನು ಒಂದೊಂದಾಗಿ ಮಸಿಗೆ ಉರುಳಿಸಿ ಹಾಳೆಯ ಮೇಲೆ ಒತ್ತಿಸಿದರು.

"ಹತ್ತೂ ಚೆನ್ನಾಗಿ ಮೂಡಿವೆ."

ಮಾವ ಆ ಹಾಳೆಯನ್ನೇ ನೋಡುತ್ತ ಕೂತರು.

"ನನ್ನವು ಹತ್ತೂ ಇದ್ದೇ ಇವೆ ಸಾರ್. ಇಪ್ಪತ್ತಾರು ವರ್ಷದ ಹಿಂದೆ ಬೇರೆ ಕಾರ್ಖಾನೇಲಿ ಇಂಥದೇ ವೈರು ಹಾಕಿದ್ದೆ. ಪ್ರೆಸ್ ಮೇಲಿದ್ದವನು ನನ್ನ ಷಡ್ಡಕ, ಹೆಂಡತಿ ತಂಗಿಯ ಗಂಡ. ಮೂರು ಬೆರಳು ಹೋಯ್ತು. ಆಪರೇಟರ್ ಅಜಾಗರೂಕತೆ ಅಂತ ಪಂಚನಾಮೆ ಬರೆದ್ರು. ಪಂಚನಾಗಿ ಸಹಿ ಹಾಕಿದ್ದು ನಾನೇ. ಇವತ್ತಿಗೂ ಅವನಿಗೆ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಮಸಿ ಒರೆಸುವ ಬಟ್ಟೆಯನ್ನು ಮುಂದೆ ತಳ್ಳಿದರು.

"ಆ ಹೆಣ್ಮಗಳವೂ ಹತ್ತೂ ಇವೆ. ಕೈ ಒರೆಸ್ಕೊಳ್ಳಿ."

ಮಾವ ನಿಧಾನವಾಗಿ ಒರೆಸಿಕೊಂಡರು. ರೈಟರ್ ಲಾಕಪ್ಪಿನ ಬೀಗ ಹಾಕುವಷ್ಟರಲ್ಲಿ ಅವರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು.