ಮೂರು ದಿನದ ರಜೆಗೊಂದು ಸಾವು

ಚಿಕ್ಕಮುನಿಯಪ್ಪ ತನ್ನ ಅಪ್ಪನನ್ನು ಸಾಯಿಸಬೇಕೆಂದು ತೀರ್ಮಾನ ಮಾಡಿದ್ದಕ್ಕೆ ಪಕ್ಕದ ಮನೆಯ ಯಶೋದಮ್ಮನೇ ಕಾರಣ. ಅವಳು ಗಂಡನ ಜೊತೆ ಎರಡು ದಿನದ ಮಟ್ಟಿಗೆ ಬೆಂಗಳೂರು ದಂಡಿಗೆ, ಬಿಳಿಯರ ಕಂಟೋನ್ಮೆಂಟಿಗೆ, ಹೋದಳು. ಕಾರ್ನಿವಲ್ಲಿನಲ್ಲಿ ಜೈಂಟ್ ವೀಲ್ ಹತ್ತಿದಳು, ಐಸ್‌ಕ್ರೀಮು ತಿಂದಳು, ಶಿವಾಜಿನಗರದಲ್ಲಿ ಕೈತುಂಬ ಬಳೆ ತೊಡಿಸಿಕೊಂಡಳು. ಬಂದವಳು ತೆಪ್ಪಗಿರಬಾರದೇ? ಕೃಷ್ಣರಾಜಪುರದ ಬಾವಿಕಟ್ಟೆಯ ಮೇಲೆ ಒಂದು ತಿಂಗಳು ಪೂರ್ತಿ ಅದನ್ನೇ ಹೇಳಿದಳು. ಬಿಂದಿಗೆ ತುಂಬಿ ಹರಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ಅದನ್ನೆಲ್ಲ ದಿನಾ ಕೇಳಿಸಿಕೊಂಡು ಮನೆಗೆ ಬರುತ್ತಿದ್ದವಳು ಚಿಕ್ಕಮುನಿಯಪ್ಪನ ಹೆಂಡತಿ ಪಿಳ್ಳಮ್ಮ.

ಮದುವೆಯಾಗಿ ಮೂರು ವರ್ಷ. ದಂಡು ತೋರಿಸುತ್ತೇನೆಂದು ಅವನು ಐದು ಸಲ ಮಾತು ಕೊಟ್ಟು ಐದು ಸಲವೂ ತಪ್ಪಿದ್ದ. ಒಂದು ಸಂಜೆ ಪಿಳ್ಳಮ್ಮ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಡದೆ, ಎದುರಿಗೆ ಬಂದು ಕೂತಳು.

“ಕಾರ್ನಿವಲ್ಲು ಈ ತಿಂಗಳು ಕಿತ್ಕೊಂಡು ಹೋಗ್ತದಂತೆ. ಅಷ್ಟ್ರೊಳಗೆ ಕರ್ಕೊಂಡು ಹೋಗ್ತೀರೋ ಇಲ್ವೋ?”

“ಯುದ್ಧ ನಡೀತಾ ಐತೆ ಕಣೇ. ರಜ ಕೊಡಲ್ಲ.”

“ಯಶೋದಮ್ಮನ ಗಂಡಂಗೆ ಇಲ್ದಿರೋ ಯುದ್ಧ ನಿಮಗೊಬ್ರಿಗೇನಾ? ಆಗಲ್ಲ ಅಂದ್ರೆ ಹೇಳ್ಬಿಡಿ, ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ.”

ಇದು ಬರೀ ಬೆದರಿಕೆಯಲ್ಲ. ಅವಳ ಅಕ್ಕ ಒಂದು ಜೊತೆ ಓಲೆಯ ವಿಷಯಕ್ಕೆ ಹೀಗೇ ಅಮ್ಮನ ಮನೆಗೆ ಹೋಗಿ ಆರು ವರ್ಷವಾಗಿತ್ತು, ಇನ್ನೂ ವಾಪಸು ಬಂದಿರಲಿಲ್ಲ. ಆ ಬಡಪಾಯಿ ಷಡ್ಡಕ ತಾನೇ ರೊಟ್ಟಿ ತಟ್ಟಿಕೊಂಡು, ಕೈ ಸುಟ್ಟುಕೊಂಡು ಬದುಕುತ್ತಿದ್ದ. ಚಿಕ್ಕಮುನಿಯಪ್ಪನಿಗೆ ಪಿಳ್ಳಮ್ಮನೆಂದರೆ ಪ್ರಾಣ. ಅವತ್ತು ಬರೀ ಮುದ್ದೆಯನ್ನೇ ನುಂಗಿ ಎದ್ದ.

ಅವನಿಗೆ ಕೆಲಸ ವಿಮಾನಪುರದ ಹತ್ತಿರ, ಸೈನ್ಯದ ಲಾರಿ ರಿಪೇರಿ ಮಾಡುವ ಒಂದು ವರ್ಕ್‌ಷಾಪಿನಲ್ಲಿ. ಆ ನಲವತ್ತನಾಲ್ಕನೇ ಇಸವಿಯಲ್ಲಿ ಅಲ್ಲಿ ರಜೆ ಎಂಬ ಮಾತೇ ಇರಲಿಲ್ಲ. ಸುಳ್ಳು ಹೇಳಿ ರಜೆ ಪಡೆದವನಿಗೆ ಕೆಲಸವೂ ಹೋಗುತ್ತದೆ, ಜೈಲೂ ಆಗುತ್ತದೆ ಎಂದು ಗೇಟಿನ ಮೇಲೆ ನೋಟೀಸು ಅಂಟಿಸಿದ್ದರು. ಹಿಂದಿನ ತಿಂಗಳು ಒಬ್ಬ ಕಾಮಾಲೆ ಎಂದು ಹೇಳಿ, ಮುಖಕ್ಕೆ ಅರಿಸಿನ ಬಳಿದುಕೊಂಡು ಬಂದ. ಡಾಕ್ಟರು ಒದ್ದೆ ಬಟ್ಟೆಯಿಂದ ಮುಖ ಒರೆಸಿದರು. ಕಾಮಾಲೆ ಬಟ್ಟೆಗೆ ಬಂತು, ಅವನು ಪೊಲೀಸ್ ಠಾಣೆಗೆ ಹೋದ.

ಚಿಕ್ಕಮುನಿಯಪ್ಪ ಅಂಥ ಪೆದ್ದನಲ್ಲ. ನಾಲ್ಕು ದಿನ ಲಾರಿಯ ಕೆಳಗೆ ಅಂಗಾತ ಮಲಗಿ, ಬೋಲ್ಟು ಬಿಗಿಯುತ್ತ, ತಣ್ಣಗೆ ಯೋಚಿಸಿದ. ಕಾಯಿಲೆಯನ್ನು ಡಾಕ್ಟರು ಪರೀಕ್ಷೆ ಮಾಡಬಲ್ಲರು. ಮದುವೆ ಮುಂಜಿಗೆ ಸಾಕ್ಷಿ ಕೇಳುತ್ತಾರೆ. ಸಾವಿಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ, ಕೇಳಲು ನಾಚಿಕೆಪಡುತ್ತಾರೆ. ಸರಿ, ಯಾರನ್ನು ಸಾಯಿಸುವುದು? ಅಮ್ಮ ಗಟ್ಟಿಮುಟ್ಟಾಗಿ ಸೋದರಮಾವನ ಮನೆಯಲ್ಲಿದ್ದಾಳೆ, ಅವಳನ್ನು ಮುಟ್ಟಿದರೆ ಪಾಪ ಬರುತ್ತದೆ. ಅತ್ತೆಯನ್ನು ಸಾಯಿಸಲು ಮನಸ್ಸಿದೆ, ಆದರೆ ಅತ್ತೆಗೆ ಅಂತ ವರ್ಕ್‌ಷಾಪಿನ ಬಿಳಿಯ ಫೋರ್‌ಮನ್ ದೊರೆ ಅರ್ಧ ದಿನಕ್ಕಿಂತ ಹೆಚ್ಚು ಕೊಡುವವನಲ್ಲ. ಉಳಿದವನು ಅಪ್ಪ. ಅಪ್ಪ ಇವನು ಮೊಲೆ ಕುಡಿಯುವ ಮಗುವಾಗಿದ್ದಾಗಲೇ ತೀರಿಕೊಂಡಿದ್ದ. ಸತ್ತವನನ್ನೇ ಇನ್ನೊಂದು ಸಲ ಸಾಯಿಸಿದರೆ ಯಾರಿಗೇನು ನಷ್ಟ? ಅಪ್ಪನಿಗಂತೂ ಇಲ್ಲ.

ಸಾವಿನ ಮರ್ಯಾದೆಗಳೆಲ್ಲ ತನಗೆ ಚೆನ್ನಾಗಿ ಗೊತ್ತೆಂದು ಅವನಿಗೆ ಭಾರಿ ಹೆಮ್ಮೆ. ಬೆಳೆದದ್ದು ರಿಚರ್ಡ್ಸ್ ಟೌನಿನ ಒಂದು ಬಂಗಲೆಯ ಹಿತ್ತಲಲ್ಲಿ, ಅಲ್ಲಿ ಅಡಿಗೆ ಮಾಡುತ್ತಿದ್ದ ಸೋದರಮಾವನ ಆಸರೆಯಲ್ಲಿ. ಆ ಬಂಗಲೆಯ ಮುದುಕ ಕರ್ನಲ್ ಸತ್ತಾಗ ಅವನು ಎಲ್ಲವನ್ನೂ ಕಣ್ಣಾರೆ ನೋಡಿದ್ದ. ಕಪ್ಪು ಅಂಚಿನ ಕಾಗದ, ಮಗನ ತೋಳಿಗೆ ಕಪ್ಪು ಪಟ್ಟಿ, ಇಸ್ತ್ರಿ ಮಾಡಿದ ಬಟ್ಟೆ. ಬಂದವರೆಲ್ಲ ಹ್ಯಾಟು ತೆಗೆದು ಒಂದು ನಿಮಿಷ ಸುಮ್ಮನೆ ನಿಂತರು. ಎದೆ ಬಡಿದುಕೊಳ್ಳುವುದಿಲ್ಲ, ಗೋಳೋ ಎನ್ನುವುದಿಲ್ಲ. ದುಃಖವೆಂದರೆ ಹಾಗಿರಬೇಕು ಎಂದು ಅವನಿಗೆ ಅವತ್ತೇ ಅನ್ನಿಸಿತ್ತು. ಈಗ ನಂಬಿಸಬೇಕಾದದ್ದೂ ಬಿಳಿಯ ದೊರೆಯನ್ನೇ.

ಬುಧವಾರ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಪ್ಪು ಅಂಚಿನ ಕಾಗದ ಕೊಂಡು, ಅಂಚೆ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಮುನಾವರ್ ಸಾಹೇಬರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಯಾರು ಹೋಗಿದ್ದು?” ಎಂದರು ಮುನಾವರ್.

“ಅಪ್ಪ. ಮುಳಬಾಗಿಲು ಕಡೆ.”

“ಅಯ್ಯೋ ಅಲ್ಲಾ. ಯಾವತ್ತು?”

“ನಾಳೆ.”

ಮುನಾವರ್ ಕನ್ನಡಕದ ಮೇಲಿಂದ ಒಂದು ಸಲ ನೋಡಿದರು. ಚಿಕ್ಕಮುನಿಯಪ್ಪ ಕೂತಲ್ಲಿಂದ ಅರ್ಧ ಎದ್ದೇಬಿಟ್ಟ.

“ಬೆಳಿಗ್ಗೇನಾ ಸಾಯಂಕಾಲಾನಾ?” ಎಂದು ಕೇಳಿ ಅವರು ಟಕಟಕನೆ ಟೈಪು ಹೊಡೆದರು. “ಗಾಬರಿ ಬೇಡ ಮಿಯಾ. ಯುದ್ಧ ಶುರುವಾದ್ಮೇಲೆ ನನ್ನ ಹತ್ರ ಬರೋರ ಅಪ್ಪಂದಿರೆಲ್ಲ ನಾಳೇನೇ ಸಾಯೋದು.”

ಗುರುವಾರ ಮಧ್ಯಾಹ್ನ ಕಾಗದವನ್ನು ನೇರವಾಗಿ ಫೋರ್‌ಮನ್ ದೊರೆಯ ಕೈಗೇ ಕೊಟ್ಟ. ಗೇಟಿನಲ್ಲಿ ಹಾಜರಿ ನೋಡಿಕೊಳ್ಳುವ ಮುನಿರಾಜಪ್ಪನವರ ಮೂಲಕ ಕಳಿಸಲಿಲ್ಲ. ಅವರು ಹೊಸಕೋಟೆ ಕಡೆಯ ಹಿರಿಯರು, ಯಾವ ಊರು, ಯಾರ ಪೈಕಿ ಎಂದು ಮೂರು ತಲೆಮಾರು ಕೆದಕುವ ಪೈಕಿ. ದೊರೆ ಕಪ್ಪು ಅಂಚನ್ನು ನೋಡಿದ. ನೋಡಿ, ಕೂತಿದ್ದವನು ಎದ್ದು ನಿಂತ. ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನದ ಚೀಟಿ ಬರೆದುಕೊಟ್ಟ. ಚೀಟಿ ತಂದವನನ್ನು ಮುನಿರಾಜಪ್ಪನವರು ಏನೂ ಕೇಳಲಿಲ್ಲ, ಹಿತ್ತಾಳೆಯ ಹಾಜರಿ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಡ್ರಾಯರಿನಲ್ಲಿಟ್ಟು “ಹೋಗಿ ಬಾರಪ್ಪಾ” ಎಂದರು, ಅಷ್ಟೆ.

ಪಿಳ್ಳಮ್ಮನಿಗೂ ಅವನು ಗುಟ್ಟು ಬಿಡಲಿಲ್ಲ. ಬಾವಿಕಟ್ಟೆಗೆ ಹೋಗುವ ಬಾಯಿಗೆ ಇಂಥದ್ದನ್ನು ಹಾಕುವುದುಂಟೇ? ತನ್ನ ಕೆಲಸ ಮೆಚ್ಚಿ ದೊರೆಯೇ ರಜೆ ಕೊಟ್ಟನೆಂದು ಹೇಳಿದ. ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿ, “ನಿಜವಾಗ್ಲೂನಾ?” ಎಂದು ಕೇಳಿ, ಅಡಿಗೆಮನೆಗೆ ಹೋಗಿ ಅತ್ತುಬಿಟ್ಟಳು. ಅವತ್ತು ಸಾರಿನ ಜೊತೆ ಎರಡು ಮೊಟ್ಟೆಯೂ ಬಂತು.

ಶುಕ್ರವಾರ ರೈಲಿನಲ್ಲಿ ದಂಡಿನ ಸ್ಟೇಷನ್ನಿಗೆ ಬಂದರು. ಪರಿಚಯದವರು ಯಾರಾದರೂ ಕಂಡರೆ ಎಂದು, ಹತ್ತು ಹೆಜ್ಜೆ ಹಿಂದೆ ಬಾ ಎಂದು ಅವಳಿಗೆ ಹೇಳಿದ್ದ. ಅವಳು ಹತ್ತು ಹೆಜ್ಜೆ ಮುಂದೆಯೇ ಓಡುತ್ತಿದ್ದಳು. ಅದಕ್ಕೂ ಅವನ ಬಳಿ ಉಪಾಯವಿತ್ತು. ಸುತ್ತ ಪರದೆ ಕಟ್ಟಿದ ಜಟಕಾ ಮಾಡಿದ. ಜಟಕಾದ ನಜೀರ್ ರಸೆಲ್ ಮಾರ್ಕೆಟ್ಟಿನ ಹತ್ತಿರ ಬಂದಾಗ ಹಿಂದಕ್ಕೆ ತಿರುಗಿ ನೋಡಿ ಕುದುರೆಯನ್ನೇ ನಿಲ್ಲಿಸಿಬಿಟ್ಟ.

“ಸಾಹೇಬ್ರೇ, ಪರದಾ ಇರೋದು ಜನಾನಾಗೆ. ನಿಮ್ಮ ಬೀಬಿ ಇಲ್ಲಿ ನನ್ನ ಪಕ್ಕ ಕೂತ್ಕೊಂಡು ಕುದ್ರೆಗೆ ಚಾಟಿ ಬೀಸ್ತಾವ್ರೆ, ನೀವು ಒಳಗೆ ಬಚ್ಚಿಟ್ಕೊಂಡಿದ್ದೀರಿ!”

“ಬಿಸಿಲು ಕಣಪ್ಪಾ,” ಎಂದ ಚಿಕ್ಕಮುನಿಯಪ್ಪ ಪರದೆಯೊಳಗಿಂದ.

ಹಲಸೂರಿನ ಛತ್ರದಲ್ಲಿ ತಿರುಪತಿಗೆ ಹೋಗುವ ವೆಂಕಟಸ್ವಾಮಿ ದಂಪತಿಗಳೆಂದು ಬರೆಸಿದ. ಶಿವಾಜಿನಗರದ ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಅಕ್ಕಿ ರೇಷನ್ನಿನ ಕಾಲದಲ್ಲಿ ಅಲ್ಲಿ ಬಿರಿಯಾನಿ ಶುಕ್ರವಾರ ಮಾತ್ರ. ಪಿಳ್ಳಮ್ಮ ಎರಡು ತಟ್ಟೆ ತಿಂದಳು, ಆಮೇಲೆ ಕಬಾಬು, ಆಮೇಲೆ ಇವನ ತಟ್ಟೆಯಲ್ಲಿದ್ದ ಮೂಳೆ. ಶನಿವಾರ ಹಲಸೂರು ಕೆರೆ, ಬಳೆ ಅಂಗಡಿ, ಒಂದು ಇಂಗ್ಲಿಷ್ ಸಿನಿಮಾ. ಸಿನಿಮಾದಲ್ಲಿ ಒಬ್ಬರ ಮಾತೂ ತಿಳಿಯದಿದ್ದರೂ ಅವಳು ಸರಿಯಾದ ಕಡೆಯೇ ಅತ್ತಳು. ಐಸ್‌ಕ್ರೀಮನ್ನು ಊದಿ ಊದಿ ತಿಂದಳು. ಹೊಗೆ ಬರುತ್ತಿದೆಯಲ್ಲ, ಬಿಸಿಯಿರಬೇಕು ಎಂದಳು.

ಭಾನುವಾರ ಮಧ್ಯಾಹ್ನ ಕಾರ್ನಿವಲ್ಲು. ಮರದ ಬಾವಿಯ ಗೋಡೆಯ ಮೇಲೆ ಒಬ್ಬ ಮೋಟಾರ್‌ಸೈಕಲ್ ಓಡಿಸುವುದನ್ನು ಪಿಳ್ಳಮ್ಮ ಮೂರು ಸಲ ನೋಡಿದಳು, ನಾಲ್ಕನೇ ಸಲವಾದರೂ ಬೀಳುತ್ತಾನೇನೋ ಎಂದು ಆಸೆಪಟ್ಟಳು. ಆಮೇಲೆ ಜೈಂಟ್ ವೀಲ್. ಅದು ಮೇಲೆ ಹೋಗಿ ಗಕ್ಕನೆ ನಿಂತಿತು. ಕೆಳಗಡೆ ಬೋಗುಣಿಯಷ್ಟು ಹಲಸೂರು ಕೆರೆ, ಚರ್ಚಿನ ಗೋಪುರ, ದೂರದಲ್ಲಿ ರೈಲಿನ ಹೊಗೆ. ಅವಳು ಅವನ ತೋಳನ್ನು ಹಿಡಿದುಕೊಂಡು “ಅಮ್ಮಾ” ಎಂದು ಕಿರುಚಿ, ನಕ್ಕು, ಮತ್ತೆ ಕಿರುಚಿದಳು. ಮೂರು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಇದಕ್ಕಾಗಿ ಇನ್ನೂ ಇಬ್ಬರನ್ನು ಸಾಯಿಸಬಹುದಿತ್ತು ಎಂದುಕೊಂಡ.

ಆಗಲೇ ಅವನು ಕೆಳಗೆ ನೋಡಿದ್ದು. ಟಿಕೆಟ್ಟಿನ ಸಾಲಿನಲ್ಲಿ, ಒಬ್ಬ ಬಿಳಿಯ ಮೇಮಿನ ಪಕ್ಕದಲ್ಲಿ, ಫೋರ್‌ಮನ್ ದೊರೆ! ಅದೇ ಗಳಿಗೆಯಲ್ಲಿ ಪಿಳ್ಳಮ್ಮ ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನೆಲ್ಲ ಕೆಳಗೆ ಕೊಡವಿದಳು. ಅದು ನೆಟ್ಟಗೆ ದೊರೆಯ ಹ್ಯಾಟಿನ ಮೇಲೆ ಬಿತ್ತು. ದೊರೆ ತಲೆ ಎತ್ತಿ ನೋಡಿದ. ಚಿಕ್ಕಮುನಿಯಪ್ಪನನ್ನೇ ನೋಡಿದ. ಪಿಳ್ಳಮ್ಮ ಕೈ ಬೀಸಿದಳು. ದೊರೆ ನಕ್ಕು, ಅವನೂ ಕೈ ಬೀಸಿ, ಸಿಪ್ಪೆ ಒರೆಸಿಕೊಂಡು ಮೇಮಿನ ಕಡೆ ತಿರುಗಿದ.

ಗುರುತು ಸಿಗಲಿಲ್ಲ! ನೀಲಿ ಅಂಗಿ, ಕೈಯಲ್ಲೊಂದು ಸ್ಪಾನರ್ ಇಲ್ಲದಿದ್ದರೆ ದೊರೆಯ ಕಣ್ಣಿಗೆ ನಾವೆಲ್ಲ ಒಂದೇ ಎಂದು ಚಿಕ್ಕಮುನಿಯಪ್ಪ ಮೊದಲೇ ಲೆಕ್ಕ ಹಾಕಿದ್ದ, ಅದು ನಿಜವಾಯಿತು. ತನ್ನ ಬುದ್ಧಿಗೆ ತಾನೇ ತಲೆದೂಗಿದ. ಲಾರಿ ಕೆಳಗೆ ಮಲಗುವ ಕೆಲಸ ತನ್ನಂಥವನಿಗೆ ತಕ್ಕದ್ದಲ್ಲ ಎಂದು ಕೂಡ ಅನ್ನಿಸಿತು.

ಸಾಯಂಕಾಲದ ರೈಲಿನಲ್ಲಿ ಪಿಳ್ಳಮ್ಮ ಅವನ ಭುಜಕ್ಕೆ ಒರಗಿಕೊಂಡು, “ಇನ್ನು ನಾನು ಎಲ್ಲಿಗೂ ಹೋಗಲ್ಲ ಬಿಡಿ. ನೀವು ಹೋಗು ಅಂದ್ರೂ ಹೋಗಲ್ಲ,” ಎಂದಳು. ಅವನು ಗೆದ್ದಿದ್ದ. ಇನ್ನುಳಿದದ್ದು ಸೋಮವಾರ ಬೆಳಿಗ್ಗೆ ಒಂದು ಗೇಟು ದಾಟುವುದು.

ಅದಕ್ಕೂ ತಯಾರಿ ನಡೆದಿತ್ತು. ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿ, ಮಿರಮಿರ ಬೂಟು. ಪಿಳ್ಳಮ್ಮನೂ ಪ್ರೀತಿ ಉಕ್ಕಿ, ಅವನನ್ನು ಕೂರಿಸಿಕೊಂಡು ಸಿಂಗಾರ ಮಾಡಿ ಕಳಿಸಿದಳು. ಸೈಕಲ್ಲು ಅರ್ಧ ದಾರಿ ಹೋದಮೇಲೆ ಒಂದು ಹುಣಸೆಮರದ ಕೆಳಗೆ ಇಳಿದು, ಹಳೆಯ ಕೊಡೆಯ ಬಟ್ಟೆಯಲ್ಲಿ ಕತ್ತರಿಸಿದ್ದ ಕಪ್ಪು ಪಟ್ಟಿಯನ್ನು ಎಡತೋಳಿಗೆ ಕಟ್ಟಿಕೊಂಡ. ಮುಖವನ್ನು ಕರ್ನಲ್ಲಿನ ಮಗನ ಹಾಗೆ ಬಿಗಿ ಮಾಡಿಕೊಂಡ. ಗೇಟಿಗೆ ಬಂದರೆ ಅದೃಷ್ಟವೆಂದರೆ ಅದೃಷ್ಟ, ದೊರೆಯೇ ಅಲ್ಲಿ ನಿಂತಿದ್ದ. ಕಪ್ಪು ಪಟ್ಟಿಯನ್ನು ನೋಡಿ ಅವನ ಮುಖ ಮೆತ್ತಗಾಯಿತು. “ವೆರಿ ಸಾರಿ,” ಎಂದು ಹ್ಯಾಟು ತೆಗೆದ. ಚಿಕ್ಕಮುನಿಯಪ್ಪ ಈ ಗಳಿಗೆಗೇ ಕಾದಿದ್ದ. ಅವನೂ ತನ್ನ ಖಾಕಿ ಟೋಪಿಯನ್ನು ತೆಗೆದು, ಎದೆಗೆ ಹಿಡಿದು, ತಲೆ ಬಾಗಿಸಿ, ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸುತ್ತ ನಿಂತ. ಹಿಂದೆ ಸಾಲಿನಲ್ಲಿದ್ದವರೆಲ್ಲ ಸದ್ದಡಗಿ ನಿಂತರು. ದೊರೆ ಅವನ ಕೈ ಕುಲುಕಿ, ಕಣ್ಣು ಒರೆಸಿಕೊಂಡು ಒಳಗೆ ಹೊರಟ.

ಚಿಕ್ಕಮುನಿಯಪ್ಪ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಲ್ಲೆಗಾಗಿ ಕೈ ಚಾಚಿದ. ಬಿಲ್ಲೆ ಬರಲಿಲ್ಲ. ಮುನಿರಾಜಪ್ಪನವರು ಅದನ್ನು ಹಿಡಿದುಕೊಂಡೇ ಅವನನ್ನು ನೋಡುತ್ತಿದ್ದರು. ಅವರ ಬಾಯಲ್ಲಿದ್ದ “ಅಯ್ಯೋ ಪಾಪ” ಅರ್ಧಕ್ಕೇ ನಿಂತಿತ್ತು. ಅವರು ನೋಡುತ್ತಿದ್ದದ್ದು ಕಪ್ಪು ಪಟ್ಟಿಯನ್ನಲ್ಲ, ಅದಕ್ಕಿಂತ ಮೇಲೆ. ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಅಲ್ಲಿಗೇ ನೋಡತೊಡಗಿದರು. ಯಾರೋ ಒಬ್ಬ ಕಿಸಕ್ಕೆಂದ. “ಸಾರ್, ಒಂದ್ನಿಮಿಷ ನಿಂತ್ಕೊಳಿ ಸಾರ್!” ಎಂದು ಮುನಿರಾಜಪ್ಪನವರು ದೊರೆಯನ್ನು ಕೂಗಿದರು. ಚಿಕ್ಕಮುನಿಯಪ್ಪನ ಕೈ ತಾನಾಗಿ ಮೇಲೆ ಹೋಯಿತು. ಹರಳೆಣ್ಣೆ ಹಾಕಿ, ನೀಟಾಗಿ ಬೈತಲೆ ತೆಗೆದು ಬಾಚಿದ್ದ ದಟ್ಟ ಕ್ರಾಪು ಬೆರಳಿಗೆ ಸಿಕ್ಕಿತು. ಹೆತ್ತ ಅಪ್ಪನನ್ನು ಮಣ್ಣು ಮಾಡಿ ಬಂದ ಮಗ ತಲೆ ಬೋಳಿಸಿಕೊಂಡಿರಲಿಲ್ಲ.