ಮೊಣಕೈ ಸವೆದ ಕಥೆ

ಹೊಸ ಜಾಕೆಟ್ ಬಂದ ದಿನ ಅವಳು ಅದನ್ನು ಕಳಚಿ ಬೇಕರಿಯ ಗಲ್ಲಾದ ಹಿಂದಿನ ಸ್ಟೂಲಿನ ಮೇಲಿಟ್ಟರೆ, ಅದು ಕುಸಿಯಲೇ ಇಲ್ಲ, ನೆಟ್ಟಗೆ ಕೂತುಕೊಂಡಿತು. ಅಷ್ಟು ಗಟ್ಟಿ ಚರ್ಮ. ಯಾರೋ ಗಿರಾಕಿ ಬಂದು ಅದರ ಹತ್ತಿರವೇ ಬನ್ ಇದೆಯಾ ಎಂದು ಕೇಳಿ, ಉತ್ತರ ಬಾರದ್ದಕ್ಕೆ ಮುಖ ಊದಿಸಿಕೊಂಡು ಹೋದರಂತೆ.

ಕಂದು ಬಣ್ಣ, ಅಗಲ ಕಾಲರ್, ಹಿತ್ತಾಳೆಯ ಜಿಪ್ಪು. ಹಿಂದಿನ ಕಾಲದ ವಿಮಾನದವರು ಹಾಕುತ್ತಿದ್ದ ಮಾದರಿ. ಹೊಲಿದದ್ದು ಮಾತ್ರ ಮೊನ್ನೆ.

ಅವಳ ಚಿಕ್ಕಮ್ಮನ ಬೇಕರಿಯ ಮುಂದಿನ ಬೆಂಚುಗಳ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಜಾಕೆಟ್ ಬಳಗ ಸೇರುತ್ತಿತ್ತು. ಅವರು ಕೆಲಸಕ್ಕೂ ಅದೇ ಜಾಕೆಟ್, ತರಕಾರಿ ತರಲಿಕ್ಕೂ ಅದೇ, ಹಲ್ಲು ಕೀಳಿಸಿಕೊಳ್ಳಲಿಕ್ಕೂ ಅದೇ. ಹೊಸತನದ ಹೊಳಪು ಅವರಿಗೆ ಆಗಿಬರದು. ಚರ್ಮ ಎಲ್ಲಿ ಸವೆದಿದೆ, ಸುಕ್ಕು ಎಲ್ಲಿ ಬಿದ್ದಿದೆ, ಬಣ್ಣ ಎಲ್ಲಿ ಮಾಸಿದೆ ಎಂದು ಒಬ್ಬರಿಗೊಬ್ಬರು ತೋರಿಸಿ, ಮಗುವಿಗೆ ಹಲ್ಲು ಬಂದಷ್ಟು ಸಂಭ್ರಮ ಪಡುತ್ತಿದ್ದರು. ಅವಳು ಚಹಾ ಕೊಡುತ್ತಾ ಎಲ್ಲವನ್ನೂ ಕೇಳಿಸಿಕೊಂಡವಳು. ಈಗ ತನ್ನದೂ ಒಂದು ಜಾಕೆಟ್ ಇದೆ. ಆದರೆ ಅದು ಈಗಷ್ಟೇ ತಿಕ್ಕಿಟ್ಟ ಪಾತ್ರೆಯಂತೆ ಹೊಳೆಯುತ್ತಿದೆ! ಹೀಗೇ ಹಾಕಿಕೊಂಡು ಅವರ ಮಧ್ಯೆ ಕೂರುವುದು ಹೇಗೆ?

ಅವಳು ಅಡುಗೆಕೋಣೆಯ ಬಾಗಿಲು ಹಾಕಿಕೊಂಡು, ಎರಡೂ ಮೊಣಕೈಗಳನ್ನು ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿಬಿಟ್ಟಳು.

ಸವೆತ ಹಾಕಿ ಹಾಕಿ ತಾನಾಗಿ ಬರಬೇಕು, ಉಜ್ಜಿ ತರಿಸುವುದಲ್ಲ. ಆ ಬಳಗದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಹಾಲಿಗೆ ನೀರು ಬೆರೆಸಿದವನನ್ನಾದರೂ ಅವರು ಕ್ಷಮಿಸಿಯಾರು.

ಭಾನುವಾರ ಬಂತು. ಬಳಗದ ಹಿರಿಯ ತಾತ, ಸಿನಿಮಾ ಥಿಯೇಟರಿನಲ್ಲಿ ರೀಲು ತಿರುಗಿಸಿ ರಿಟೈರಾದವರು, ಕನ್ನಡಕ ಏರಿಸಿ ಅವಳ ಮೊಣಕೈ ಹಿಡಿದುಕೊಂಡರು.

"ಏನಮ್ಮ, ಹೊಸದು ಅಂದೆ. ಮೊಣಕೈ ಯಾಕೆ ಹಿಂಗೆ ಸವೆದಿದೆ?"

ಅವಳು ಮೊಣಕೈ ಬಿಡಿಸಿಕೊಳ್ಳಲು ನೋಡಿದಳು.

"ಅದು ನನ್ನಿಂದ ಆಗಿದ್ದು ತಾತ" ಎಂದಿತು ಮೂಲೆಯಿಂದ ಒಂದು ದನಿ.

ಅವನು ಲಿಫ್ಟ್ ಮೆಕ್ಯಾನಿಕ್. ಬಳಗದವರೆಲ್ಲ ಅವನನ್ನು ಕರೆಯುತ್ತಿದ್ದುದು ಬುರುಡೆ ಎಂದು. ಅವನು ಬಿಡುವ ಬುರುಡೆಗಳಿಗೆ ಲೆಕ್ಕವೇ ಇರಲಿಲ್ಲ. ಅವಳಿಗೂ ಅವನಿಗೂ ಅಲ್ಲಿಯವರೆಗೆ ಇದ್ದ ಮಾತು ಒಂದೇ: "ಚಹಾಕ್ಕೆ ಸಕ್ಕರೆ ಜಾಸ್ತಿ."

"ಇವರು ಬನ್ನಿನ ಟ್ರೇ ಹಿಡ್ಕೊಂಡು ಲಿಫ್ಟಲ್ಲಿ ಹೋಗ್ತಿದ್ರು. ನಾನು ಮೇಲ್ಗಡೆ ರಿಪೇರಿ ಮಾಡ್ತಿದ್ದೆ. ನನ್ನ ಕೈ ತಪ್ತು, ಲಿಫ್ಟ್ ಜರ್ರಂತ ಜಾರ್ತು. ಇವರೇನು ಮಾಡಿದ್ರು ಗೊತ್ತಾ? ಟ್ರೇ ತಲೆ ಮೇಲಿಟ್ಕೊಂಡು, ಬಾಗಿಲ ಸಂದಿಯಿಂದ ಎರಡೂ ಮೊಣಕೈ ಹೊರಗೆ ಹಾಕಿ, ಗೋಡೆಗೆ ಒತ್ತಿ ಹಿಡಿದು, ಲಿಫ್ಟನ್ನೇ ನಿಲ್ಸಿಬಿಟ್ರು!"

"ಬನ್ನು?" ತಾತ ಕೇಳಿದರು.

"ಒಂದೂ ಉರುಳಲಿಲ್ಲ."

ಬೆಂಚುಗಳೆಲ್ಲ ನಗೆಯಲ್ಲಿ ಅಲುಗಾಡಿದವು. ತಾತ ಹೆಬ್ಬೆರಳಿನಿಂದ ಮೊಣಕೈ ಸವರಿದರು, ಬೆರಳ ತುದಿಗೆ ಹತ್ತಿದ ಕಂದು ಪುಡಿ ನೋಡಿಕೊಂಡರು, ಅವಳ ಮುಖ ನೋಡಿದರು. "ಮುಂದೆ ಹೇಳಪ್ಪ" ಎಂದರು. ಅವರಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಆದರೂ ಅವರು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಳಗಕ್ಕೆ ಕಥೆಯ ರುಚಿ ಹತ್ತಿಬಿಟ್ಟಿತು. ಲಿಫ್ಟ್ ನಿಂತ ಮೇಲೆ ಏನಾಯಿತು, ಇವನು ಮೇಲಿಂದ ಒಳಗಿಳಿದು ಬಂದಾಗ ಏನು ಮಾತಾಡಿದಿರಿ ಎಂದು ಪ್ರತಿ ವಾರ ಕಾಟ. ಒಮ್ಮೆ ಅವಳು ಮೂರನೇ ಮಹಡಿ ಎಂದಳು, ಅವನು ಏಳನೆಯದು ಎಂದ. ಇಬ್ಬರೂ ಸಿಕ್ಕಿಬೀಳುವುದರಲ್ಲಿದ್ದರು.

"ಮೊದಲೇ ಮಾತಾಡ್ಕೊಂಡು ಬರೋಣ ರೀ. ಇಲ್ಲಾಂದ್ರೆ ಇಬ್ಬರ ಮಾನನೂ ಹೋಗುತ್ತೆ" ಎಂದ ಅವನು.

ಹಾಗೆ ಶನಿವಾರ ಮಧ್ಯಾಹ್ನಗಳು ಶುರುವಾದವು. ಒಳಗೆ ಹಿಟ್ಟು ಉಬ್ಬಲು ಇಟ್ಟಿರುತ್ತಿದ್ದಳು. ಅವನು ಮೈದಾ ಮೂಟೆಯ ಮೇಲೆ ಕೂತು ಕಥೆ ಹೆಣೆಯುತ್ತಿದ್ದ. ಅವನ ಕಪ್ಪು ಜಾಕೆಟ್ಟಿಗೆ ಹಿಟ್ಟು ಮೆತ್ತಿಕೊಳ್ಳುತ್ತಿತ್ತು, ಅವನು ಒರೆಸಿಕೊಳ್ಳುತ್ತಿರಲಿಲ್ಲ. ಅವಳು ನಕ್ಕಾಗ ಮಾತು ಅರ್ಧಕ್ಕೇ ನಿಲ್ಲಿಸಿ, ಅವಳ ಕೆನ್ನೆಯ ಕಡೆ ನೋಡಿ, ತಕ್ಷಣ ಓವನ್ನಿನ ಕಡೆ ನೋಡುತ್ತಿದ್ದ. ಓವನ್ನಿನಲ್ಲಿ ಅಂಥ ವಿಶೇಷವೇನೂ ಇರುತ್ತಿರಲಿಲ್ಲ.

"ಲಿಫ್ಟಲ್ಲಿ ನಾನು ಅತ್ತುಬಿಟ್ಟೆ ಅಂತ ಇರಲಿ" ಎಂದಳು ಒಮ್ಮೆ.

"ಆಗಲ್ಲ. ಲಿಫ್ಟ್ ನಿಲ್ಸೋರು ಅಳ್ತಾರಾ?"

"ನೀವು ಅಳ್ರಿ ಹಾಗಾದ್ರೆ."

"ನಾನು ಅತ್ತೆ ರೀ. ಕಣ್ಣೀರು ಕೆಳಗಿನ ಮಹಡೀಲಿ ಸೋರ್ತು, ಅಲ್ಲಿನವರು ಪ್ಲಂಬರ್‌ನ ಕರೆಸಿದ್ರು."

ಅವಳು ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶನಿವಾರ ಬೇಗ ಬರಲಿ ಎಂದು ಸೋಮವಾರದಿಂದಲೇ ಅನಿಸತೊಡಗಿತು. ಚಿಕ್ಕಮ್ಮನ ಕಣ್ಣಿಗೆ ಇದೆಲ್ಲ ಬೀಳದೇ ಇರುತ್ತದೆಯೇ? ಬೇಕರಿ ಅವಳದೇ, ಸಾಕಿದ ಹುಡುಗಿಯೂ ಅವಳದೇ.

"ನೋಡೇ, ಹುಡುಗ ಒಳ್ಳೆಯವನೇ. ಆದ್ರೆ ಅವನು ಬೆಳಗಾಯ್ತು ಅಂದ್ರೂ ನಾನು ಕಿಟಕಿ ತೆಗೆದು ನೋಡ್ತೀನಿ."

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಹೌದಲ್ಲ, ಇವನ ನೋಟ ನಿಜವೋ, ಅದೂ ಕಥೆಗೆ ಬೇಕಾದ ಮಸಾಲೆಯೋ?

ಮುಂದಿನ ಶನಿವಾರ ಅವಳು ಕೇಳಿಯೇಬಿಟ್ಟಳು. "ಒಂದೇ ಒಂದು ನಿಜ ಹೇಳ್ರಿ. ನಿಮ್ಮ ಬಗ್ಗೆ."

ಅವನು ಬಹಳ ಹೊತ್ತು ಜಿಪ್ಪನ್ನು ಮೇಲೆ ಕೆಳಗೆ ಎಳೆದಾಡಿದ. "ನನಗೆ ಕತ್ತಲೆ ಅಂದ್ರೆ ಭಯ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಾಗೆಲ್ಲ ಜೋರಾಗಿ ಹಾಡ್ಕೋತೀನಿ."

ಅವಳು ಪಕಪಕ ನಕ್ಕುಬಿಟ್ಟಳು. "ಅಬ್ಬಾ, ಇದೇ ಎಲ್ಲಕ್ಕಿಂತ ದೊಡ್ಡ ಬುರುಡೆ!"

ಅವನೂ ನಕ್ಕ. ಆದರೆ ಆ ನಗು ಉಪ್ಪಿಲ್ಲದ ಬ್ರೆಡ್ಡಿನಂತಿತ್ತು. ಹಿಟ್ಟು ಉಬ್ಬುವ ಮೊದಲೇ, ಕೆಲಸ ಇದೆ ಎಂದು ಎದ್ದುಹೋದ.

ಸಂಜೆ ದೊಡ್ಡ ಆಫೀಸಿನ ವಾಚ್‌ಮನ್ ಬ್ರೆಡ್ ಒಯ್ಯಲು ಬಂದವನು ತಾನಾಗಿಯೇ ಮಾತು ತೆಗೆದ. "ನಿಮ್ಮ ಬಳಗದ ಮೆಕ್ಯಾನಿಕ್ ಇವತ್ತು ಬಂದಿದ್ದ ನೋಡಿ. ಗುಂಡಿಗೆ ಇಳಿದ್ರೆ ಸಾಕು, ಹಾಡು ಶುರು. ಏನ್ ರಾಗ ಅಂತೀರಿ, ನಮ್ಮ ಕಟ್ಟಡದ ಪಾರಿವಾಳ ಎಲ್ಲ ಮನೆ ಬದಲಾಯಿಸಿದ್ವು. ಇವತ್ತು ಯಾಕೋ ಹಾಡೂ ಸಪ್ಪೆ ಇತ್ತು."

ಅವಳ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಅವನು ಕೊಟ್ಟಿದ್ದು ಒಂದೇ ನಿಜ. ಅದನ್ನೇ ಅವಳು ನಕ್ಕು ಹಾರಿಸಿಬಿಟ್ಟಿದ್ದಳು. ನಾಳೆ ಅವನು ಬರುತ್ತಾನೋ ಇಲ್ಲವೋ. ಬಂದರೂ ಇನ್ನೊಂದು ನಿಜ ಹೇಳಲು ಅವನಿಗೆ ಧೈರ್ಯ ಉಳಿದಿದೆಯೋ ಇಲ್ಲವೋ.

ಬಂದ. ತಲೆ ಬಾಚಿಕೊಂಡು ಬಂದಿದ್ದ. ಅದೇ ಒಂದು ಸುದ್ದಿ. ಅವಳ ಕಡೆ ನೋಡಲಿಲ್ಲ.

"ಏನೋ ಬುರುಡೆ, ಲಿಫ್ಟ್ ಇನ್ನೂ ನಿಂತೇ ಇದೆಯಾ?" ತಾತ ಕೆಣಕಿದರು.

ಅವನು ಗಂಟಲು ಸರಿಮಾಡಿಕೊಂಡ. "ತಾತ, ಒಂದು ವಿಷಯ ಇಷ್ಟು ದಿನ ಮುಚ್ಚಿಟ್ಟಿದ್ದೆ. ಆ ಲಿಫ್ಟಲ್ಲಿ ನಾನು ಇವರನ್ನ ಒಂದು ಮಾತು ಕೇಳ್ದೆ. ನನ್ನನ್ನ ಮದುವೆ ಆಗ್ತೀರಾ ಅಂತ."

ಇದು ಮೈದಾ ಮೂಟೆಯ ಮೇಲೆ ಹೆಣೆದ ಕಥೆಯಲ್ಲಿ ಇರಲಿಲ್ಲ.

"ಏನಂದ್ಳು?" ಬೆಂಚು ಬೆಂಚೇ ಕೇಳಿತು.

"ಇನ್ನೂ ಏನೂ ಅಂದಿಲ್ಲ."

ಜಾಕೆಟ್‌ಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. ಒಳಬಾಗಿಲಲ್ಲಿ ಚಿಕ್ಕಮ್ಮ, ಕೈಯಲ್ಲಿ ಚಹಾದ ಜರಡಿ. ಅವನು ಈಗ ಅವಳನ್ನೇ ನೋಡುತ್ತಿದ್ದ, ಓವನ್ನಿನ ಕಡೆ ಅಲ್ಲ. ಕಿವಿ ಕೆಂಪಾಗಿತ್ತು. ಬುರುಡೆ ಬಿಡುವಾಗ ಅವನ ಕಿವಿ ಕೆಂಪಾಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅವಳು ಬೇಕಂತಲೇ ತಡಮಾಡಿದಳು. ಕಾಲರ್ ಸರಿಮಾಡಿಕೊಂಡಳು.

"ಸುಳ್ಳು ಹೇಳ್ತಾರೆ ತಾತ. ನಾನು ಆಗ್ಲೇ ಉತ್ತರ ಕೊಟ್ಟಿದ್ದೆ. ಇವರು ಕತ್ತಲೆಗೆ ಹೆದರಿ ಜೋರಾಗಿ ಹಾಡ್ತಿದ್ರು, ಅದಕ್ಕೇ ಕೇಳಿಸಿಲ್ಲ."

ಅವನು ಬೆಂಚಿನ ತುದಿಗೆ ಜಾರಿ ಕೂತ. ಊರಿಗೇ ಬುರುಡೆ ಬಿಟ್ಟವನು ಈಗ ಇನ್ನೊಬ್ಬರ ಬುರುಡೆಗೆ ಕಿವಿ ನೆಟ್ಟಿದ್ದ.

"ಏನು ಉತ್ತರ ಅಂತ ಹೇಳಮ್ಮ, ನನಗೆ ವಯಸ್ಸಾಯ್ತು!" ತಾತ ಕೂಗಿದರು.

"ಅದು ಲಿಫ್ಟ್ ಒಳಗಿನ ಮಾತು. ಕೇಳ್ದವರಿಗೆ ಮಾತ್ರ ಹೇಳ್ತೀನಿ."

ಅವಳು ಎದ್ದು ಒಳಗೆ ನಡೆದಳು. ಹಿಂದೆಯೇ ಅವನು, ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು. ಚಿಕ್ಕಮ್ಮ ದಾರಿ ಬಿಟ್ಟು, ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಚಹಾ ಹಂಚಲು ಹೊರಗೆ ಹೋದಳು.

"ನಿನ್ನೆ ನಕ್ಕಿದ್ದಕ್ಕೆ ಬೇಜಾರಾಯ್ತಾ?"

"ಸ್ವಲ್ಪ. ನಿಮ್ಮ ತಪ್ಪಲ್ಲ. ನನ್ನ ಬಾಯಿಗೆ ಆ ಹೆಸರು ಬಂದುಬಿಟ್ಟಿದೆ."

"ಈಗ ಹೊರಗೆ ಕೇಳಿದ್ದು?"

"ಅದು ನಿಜ."

"ಪೂರ್ತಿ?"

"ಲಿಫ್ಟ್ ಒಂದು ಬಿಟ್ಟು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನು ಹೂಂ ಅಂದೆ ಕಣೋ."

ಕಣೋ ಎಂದದ್ದೇ ತಡ, ಅವನ ಮುಖ ಬಿಸಿ ಓವನ್ನಿನಲ್ಲಿಟ್ಟ ಬನ್ನಿನಂತೆ ಅರಳಿತು. ಅವನು ಅವಳನ್ನು ತಬ್ಬಿಕೊಂಡ. ಪಳಗದ ಕಂದು ಚರ್ಮ, ಹಳೆಯ ಕಪ್ಪು ಚರ್ಮ, ಎರಡೂ ಒಟ್ಟಿಗೆ ಕಿರ್ರ್ ಎಂದು ಕಿರುಗುಟ್ಟಿದವು ನೋಡಿ, ಆ ಸದ್ದು ಬೀದಿಯ ಆ ತುದಿಗೂ ಕೇಳಿಸಿತು.

"ಯಾರದು ಒಳಗೆ ಮೇಜು ಎಳೀತಿರೋದು?" ಹೊರಗಿನಿಂದ ಚಿಕ್ಕಮ್ಮ ಕೂಗಿದಳು.

"ಯಾರೂ ಇಲ್ಲ ಚಿಕ್ಕಮ್ಮ!" ಎಂದು ಅವಳೇ ಬುರುಡೆ ಬಿಟ್ಟಳು.