ಮೂರನೇ ಕುರ್ಚಿಯವನು

ಆ ಮನುಷ್ಯ ನಮ್ಮ ಸೂಪು ಬೇಡ ಅಂದ. ಮೊದಲ ದಿನವೇ ನನಗೆ ಮೈಯೆಲ್ಲ ಉರಿದದ್ದು ಅದಕ್ಕೆ.

ನಮ್ಮ ಗಾಜಿನ ಕಾರ್ಖಾನೆಯ ಊರು ಮಾರಿನ್ಯಾ ಗ್ರಾಂದೆಯಲ್ಲಿ ಮುಷ್ಕರ ಅಂದರೆ ಕೆಲಸ ನಿಲ್ಲುತ್ತದೆ, ಕುಲುಮೆ ನಿಲ್ಲುವುದಿಲ್ಲ. ಅದು ಆರಿದರೆ ಬಿರುಕು ಬಿಡುತ್ತದೆ. ಆಮೇಲೆ ಗೆದ್ದು ಏನು ಮಾಡುವುದು, ಮಣ್ಣು? ಹಾಗಾಗಿ ಗಾಜು ಊದುವ ನಾವೇ ಪಾಳಿ ಹಾಕಿಕೊಂಡು ಅದನ್ನು ಕಾಯುತ್ತಿದ್ದೆವು. ಅದರ ಬಾಯಲ್ಲೇ ಪಾತ್ರೆ ಇಟ್ಟು ಉಪ್ಪುಮೀನು, ಆಲೂಗಡ್ಡೆ, ಒಣ ಬ್ರೆಡ್ಡು ಹಾಕಿ ಸೂಪು ಬೇಯಿಸಿಕೊಳ್ಳುತ್ತಿದ್ದೆವು.

ನಾವು ಕೇಳಿದ್ದು ಒಂದೇ. ಬೇಸಿಗೆಯಲ್ಲಿ ಕುಲುಮೆ ಮುಂದೆ ನಿಲ್ಲುವವರಿಗೆ ಗಂಟೆಗೊಮ್ಮೆ ವಿಶ್ರಾಂತಿ. ಜುಲೈಯಲ್ಲಿ ನನ್ನ ತಮ್ಮ ಝೆಫೆರೀನೊ ಊದುಕೊಳವೆ ಹಿಡಿದುಕೊಂಡೇ ಬಿದ್ದಿದ್ದ. ಉಳಿದುಕೊಂಡ, ಆದರೆ ಇವತ್ತಿಗೂ ಮಾತು ತೊದಲುತ್ತದೆ. ಕಂಪನಿ ಆಗಲ್ಲ ಅಂದಿತು. ಕೊನೆಗೆ ಎರಡೂ ಕಡೆಯವರು ಮಧ್ಯಸ್ಥಿಕೆಗೆ ಒಪ್ಪಿದೆವು. ನಮ್ಮ ಕಡೆಯ ಒಬ್ಬರು, ಅವರ ಕಡೆಯ ಒಬ್ಬರು, ಆ ಇಬ್ಬರೂ ಸೇರಿ ಆರಿಸಿದ ಮೂರನೆಯವನು. ಮೊದಲಿಬ್ಬರು ಏನು ಹೇಳುತ್ತಾರೆ ಅಂತ ಊರಿಗೇ ಗೊತ್ತು. ತೀರ್ಪು ಇರುವುದು ಮೂರನೇ ಕುರ್ಚಿಯವನ ಕೈಯಲ್ಲಿ.

ಅವನೇ ಲೊರೆನ್ಸೊ, ಕೊಯಿಂಬ್ರಾದಲ್ಲಿ ಕಾನೂನು ಕಲಿಸುವ ಪ್ರೊಫೆಸರ್. ಆಗಸ್ಟಿನಲ್ಲಿ ಉಣ್ಣೆ ಕೋಟು! ಸ್ಥಳ ನೋಡಲು ಬಂದವನಿಗೆ ಸಂಘದ ಪ್ರತಿನಿಧಿಯಾದ ನಾನೇ ಕೈಯಾರೆ ಬಟ್ಟಲು ಹಿಡಿದರೆ, ಕ್ಷಮಿಸಿ, ತಗೊಳ್ಳೋ ಹಾಗಿಲ್ಲ ಅಂದ. ಓಹೋ ದೊಡ್ಡ ಮನುಷ್ಯ, ಅಂದುಕೊಂಡೆ. ಸೇಡಿಗೆ ಅವನನ್ನು ನಾನು ನಿಲ್ಲುವ ಜಾಗದಲ್ಲೇ, ಕುಲುಮೆಯ ಬಾಯಿಗೆ ಎದುರಾಗಿ ನಿಲ್ಲಿಸಿ, ಬೇಕಂತಲೇ ಮಾತು ಎಳೆದೆ.

ಅವನು ಕದಲಲಿಲ್ಲ. ಮುಖ ಕೆಂಡವಾಯಿತು, ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಕುಲುಮೆ ನೋಡಬೇಕಾದವನು ನನ್ನ ಕೆನ್ನೆ ಮೇಲಿನ ಹಳೇ ಸುಟ್ಟ ಕಲೆ ನೋಡುತ್ತಿದ್ದ.

"ನೀವು ದಿನಾ ಇಲ್ಲೇ ನಿಲ್ತೀರಾ, ಗ್ರಾಸಿಂದಾ ಅವರೇ?"

"ಇಲ್ಲ, ಭಾನುವಾರ ಚರ್ಚಿಗೆ ಹೋಗ್ತೀನಿ."

ನಗು ತಡೆಯಲು ಅವನು ತುಟಿ ಕಚ್ಚಿಕೊಂಡ. ಅದು ನನ್ನ ಕಣ್ಣಿಗೆ ಬಿತ್ತು, ಬೀಳಬಾರದಿತ್ತು.

ಅವನು ಕಂಪನಿ ಡೈರೆಕ್ಟರ್ ಕರೆದ ಊಟವನ್ನೂ ಬೇಡ ಅಂದು, ಬಸ್ ನಿಲ್ದಾಣದಲ್ಲಿ ಕೂತು ಬರೀ ಬ್ರೆಡ್ಡು ತಿಂದ ಅಂತ ಆಮೇಲೆ ತಿಳಿಯಿತು. ಮಧ್ಯಸ್ಥನಾದವನು ಯಾರ ಉಪ್ಪನ್ನೂ ತಿನ್ನಬಾರದಂತೆ. ನನ್ನ ಸಿಟ್ಟಿಗೆ ಅರ್ಧ ಬಲ ಹೋಯಿತು. ಅದಕ್ಕೂ ಸಿಟ್ಟು ಬಂತು.

ವಿಚಾರಣೆ ವಾರಗಟ್ಟಲೆ ನಡೆಯಿತು. ಅವನೇನು ನನಗೆ ರಿಯಾಯಿತಿ ತೋರಿಸಲಿಲ್ಲ. ನಾನು ಮೇಜು ಕುಟ್ಟಿದರೆ, ಸಿಟ್ಟು ಸಾಕ್ಷಿ ಆಗಲ್ಲ ಅನ್ನುವನು. ನಾನು ಹಲ್ಲು ಕಚ್ಚಿಕೊಂಡು ಕೂರುವೆ. ಅವನು ಕಾಫಿ ಕುಡಿಯುತ್ತಿದ್ದ ಅಂಗಡಿಗೆ ನಾನು ಕಾಲಿಟ್ಟರೆ ಸಾಕು, ಅರ್ಧ ಕಪ್ಪು ಹಾಗೇ ಬಿಟ್ಟು ಎದ್ದುಹೋಗುವನು. ಬಾಗಿಲ ಹತ್ತಿರ ಮಾತ್ರ ಒಂದು ಸಲ ತಿರುಗಿ ನೋಡುವನು. ಆ ನೋಟಕ್ಕೋಸ್ಕರವೇ ನಾನು ಬೇಡದ ಹೊತ್ತಲ್ಲೂ ಆ ಅಂಗಡಿಗೆ ಹೋಗುತ್ತಿದ್ದೆ. ನಾಚಿಕೆಗೆಟ್ಟವಳು ನಾನು.

ಕೊನೆಯ ವಿಚಾರಣೆಯ ದಿನ ಅವನು ಎದ್ದು ನಿಂತ. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಮಧ್ಯಸ್ಥ ಏನನ್ನೂ ಮುಚ್ಚಿಡಬಾರದು. ಸಂಘದ ಪ್ರತಿನಿಧಿಯನ್ನ ನಾನು ಪ್ರೀತಿಸ್ತಿದ್ದೀನಿ. ಎರಡೂ ಕಡೆಯವರ ಆಕ್ಷೇಪ ಇಲ್ಲದಿದ್ದರೆ ಮಾತ್ರ ಈ ಕುರ್ಚಿಯಲ್ಲಿ ಕೂರ್ತೀನಿ."

ಅಲ್ಲಿ ಆಡಿದ ಮಾತೆಲ್ಲ ನಡಾವಳಿಯಲ್ಲಿ ದಾಖಲಾಗುತ್ತದೆ, ಗೊತ್ತಾ? ಬರೆದುಕೊಳ್ಳುವವಳ ಪೆನ್ನು ನಿಂತೇ ಹೋಯಿತು.

ಕಂಪನಿಯ ವಕೀಲ ವಿದಿಗಾಲ್ ಹಲ್ಲು ಕಿರಿದು, ಆ ಕಡೆಯಿಂದಲೂ ಹಾಗೇನಾ ಅಂತ ಕೇಳಿದ.

"ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಮುಖ ಕಂಡ್ರೆ ಅವರಿಗೆ ಆಗಲ್ಲ."

ನಮ್ಮವರು ನಕ್ಕರು. ವಿದಿಗಾಲ್ ಒಂದು ಕ್ಷಣ ಯೋಚಿಸಿ, ಕಂಪನಿಗೆ ಆಕ್ಷೇಪ ಇಲ್ಲ ಅಂದ. ಪಕ್ಕದಲ್ಲಿದ್ದ ಬೆಲ್ಮೀರೊ ಮಾಮ, ನಮ್ಮಲ್ಲೇ ಹಿರಿಯ ಊದುಗಾರ, ನನ್ನ ತೋಳು ಚಿವುಟಿದ. ನಮಗೂ ಇಲ್ಲ ಅನ್ನು, ದೇವರೇ ಕೊಟ್ಟ ವರ, ಇವನಿದ್ದರೆ ಗೆದ್ದ ಹಾಗೇ ಅಂತ ಪಿಸುಗುಟ್ಟಿದ.

ನಮಗೂ ಆಕ್ಷೇಪ ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿದಿತ್ತು. ಆದರೆ ಅವನು ಹೇಳಿದ್ದು ಅವನ ಕಡೆಯದು ಮಾತ್ರ. ನನ್ನದನ್ನು ನಾನು ಬಚ್ಚಿಟ್ಟು ತೀರ್ಪು ಗೆದ್ದರೆ, ನಾಳೆ ಯಾರಾದರೂ ನನ್ನ ಮುಖ ನೋಡಿಯೇ ಅದನ್ನು ಓದುತ್ತಾರೆ. ಕೋರ್ಟು ತೀರ್ಪನ್ನು ಹರಿದು ಬಿಸಾಕುತ್ತದೆ. ನನ್ನ ತಮ್ಮನಂಥವರು ಮತ್ತೆ ಅದೇ ಬೆಂಕಿ ಮುಂದೆ.

ಎದ್ದೆ.

"ಆಕ್ಷೇಪ ಇದೆ. ಪ್ರೊಫೆಸರ್ ಹೇಳಿದ್ರಲ್ಲಿ ಒಂದು ತಪ್ಪಿದೆ. ಒಂದೇ ಕಡೆ ಅಂದ್ರು. ಅಲ್ಲ."

ಅವನು ನನ್ನನ್ನು ನೋಡಿದ. ಆಮೇಲೆ ಕಾಗದ ಜೋಡಿಸಿಕೊಂಡು ಕೆಳಗಿಳಿದು ಹೊರಟುಹೋದ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೇ," ಅಂದ ಬೆಲ್ಮೀರೊ ಮಾಮ. ಆವತ್ತಿಂದ ಕುಲುಮೆ ಹತ್ತಿರ ನನ್ನ ಜೊತೆ ಯಾರೂ ಉಣ್ಣಲಿಲ್ಲ. ನನ್ನ ಮನೆ ಗೋಡೆ ಮೇಲೆ ಪ್ರೊಫೆಸರನ ಹೆಂಡತಿ ಅಂತ ಯಾರೋ ಬಣ್ಣದಲ್ಲಿ ಬರೆದರು. ಝೆಫೆರೀನೊ ಒಬ್ಬನೇ ಅದನ್ನು ಉಜ್ಜಿದ. ತೀರ್ಪು ಬರುವವರೆಗೆ ನೆರಳೂ ಸುಳಿಯಬಾರದು ಅಂತ ಲೊರೆನ್ಸೊಗೆ ಹೇಳಿ ಕಳಿಸಿದೆ.

ಮೂರನೇ ಕುರ್ಚಿಗೆ ಒಬ್ಬ ನಿವೃತ್ತ ನ್ಯಾಯಾಧೀಶೆ ಬಂದರು. ನಗುವೇ ಗೊತ್ತಿಲ್ಲದ ಹೆಂಗಸು. ಎರಡು ಗಂಟೆಗೊಮ್ಮೆ ವಿಶ್ರಾಂತಿ ಕೊಟ್ಟರು. ವಿದಿಗಾಲ್ ಕೋರ್ಟಿಗೆ ಹೋದ. ತೀರ್ಪಿನಲ್ಲಿ ಒಂದು ಸಣ್ಣ ತೂತೂ ಅವನಿಗೆ ಸಿಗಲಿಲ್ಲ.

ಅದು ಖಾಯಂ ಆದ ದಿನವೇ ಬಸ್ಸು ಹತ್ತಿ ಕೊಯಿಂಬ್ರಾಕ್ಕೆ ಹೋದೆ. ಪಾಠ ಮುಗಿಸಿ ಬರುತ್ತಿದ್ದವನನ್ನು ಮೆಟ್ಟಿಲ ಮೇಲೇ ತಡೆದೆ.

"ನೀನಿದ್ದಿದ್ರೆ ಗಂಟೆಗೊಮ್ಮೆ ಸಿಗ್ತಿತ್ತು ಅಂತ ಊರೆಲ್ಲ ನನ್ನ ಉಗೀತಿದೆ. ಹೇಳು, ಕೊಡ್ತಿದ್ಯಾ?"

ಅವನು ತಲೆ ತಗ್ಗಿಸಿದ. "ಇಲ್ಲ."

"ಏನು ಇಲ್ಲ?"

"ಏನೂ ಕೊಡ್ತಿರಲಿಲ್ಲ. ನಿನ್ನ ಕಡೆ ಒಂದು ಸಾಲು ಬರೆದ್ರೆ, ಇದು ನ್ಯಾಯಾನಾ ಪ್ರೀತಿನಾ ಅಂತ ಅನುಮಾನ. ಅನುಮಾನ ಬಂದಾಗೆಲ್ಲ ಕಂಪನಿ ಕಡೆ ವಾಲ್ತಿದ್ದೆ. ವಿದಿಗಾಲ್‌ಗೆ ಅದು ಗೊತ್ತಾಯ್ತು, ಅದಕ್ಕೇ ಒಪ್ಪಿದ. ನೀನೊಬ್ಬಳು ಎದ್ದು ನಿಲ್ಲದೇ ಇದ್ದಿದ್ರೆ..."

ಹೊಡೆಯಬೇಕು ಅಂತಲೇ ಕೈ ಎತ್ತಿದೆ. ಕೈ ಹೋಗಿ ಅವನ ಕಾಲರ್ ಹಿಡಿಯಿತು, ಬಿಡಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ, ಎರಡೂ ಒಟ್ಟಿಗೇ ಬಂದವು. ಹುಡುಗರೆಲ್ಲ ನೋಡುತ್ತಿದ್ದರು, ನೋಡಲಿ.

"ನಡಿ, ಇದನ್ನ ಬೆಲ್ಮೀರೊ ಮಾಮನ ಎದುರು ಹೇಳು."

"ಹೊಡೀತಾರೆ."

"ಹೊಡೀಲಿ. ಪಕ್ಕದಲ್ಲಿ ನಾನಿರ್ತೀನಿ."